ಕೊಕ್ಕರೆ ಗಾಡಿಗೆ ಮನೆ ನೋಡಿದ್ದು

ಚಳಿ ಬಿಟ್ಟು ಬಿಸಿಲು ಇನ್ನೂ ಬಲಿಯದ ಕಾಲ. ಕಾರ್ಖಾನೆಯ ಬೆಳಗಿನ ಸೈರನ್ ಕೂಗಿ, ಒಳಗೆ ಹೋಗಬೇಕಾದವರೆಲ್ಲ ಹೋಗಿ, ಗೇಟಿನ ಹತ್ತಿರ ಸದ್ದಡಗಿದ ಹೊತ್ತು. ಒಪ್ಪಿಗೆ ತಾತ ತಮ್ಮ ಕೋಣೆಯ ಮುಂದೆ ಸ್ಟೂಲು ಹಾಕಿಕೊಂಡು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಆಗ ಸಣ್ಣ ಯಜಮಾನಿ ತಾನೇ ನಡೆದುಕೊಂಡು ಬಂದಳು. ಹೇಳಿಕಳಿಸದೆ ಯಜಮಾನರೇ ಎದ್ದು ಬಂದರೆ ಅದು ಸಿಹಿ ಸುದ್ದಿಯಲ್ಲ ಎಂದು ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾತ ಬ್ರಷ್ ಕೆಳಗಿಟ್ಟರು. ಒಂದು ಬೂಟು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಮುಖ ಊದಿಸಿಕೊಂಡು ಕೂತಿತ್ತು.

ಅವಳು ಚಿಕ್ಕವಳಾಗಿದ್ದಾಗ ತಾತನ ಹೆಗಲ ಮೇಲೆ ಕೂತು ಕಾರ್ಖಾನೆಯೆಲ್ಲ ಸುತ್ತಿದವಳು. ಅಪ್ಪ ಹೋದ ಮೇಲೆ ಕಂಪನಿ ಅವಳ ತಲೆಗೆ ಬಂದಿತ್ತು. ಎದುರಿಗೆ ಜನ ಇದ್ದಾಗ ತಾತ ಅವಳನ್ನು ಯಜಮಾನ್ರೇ ಎನ್ನುತ್ತಿದ್ದರು, ಇಬ್ಬರೇ ಇದ್ದಾಗ ಪುಟ್ಟಿ ಎನ್ನುತ್ತಿದ್ದರು.

“ತಾತ, ಹೋದ ವರ್ಷ ಎಷ್ಟು ಮನೆ ಒಪ್ಪಿದ್ರಿ?”

“ಒಪ್ಪೋ ಹಾಗಿದ್ದಿದ್ರೆ ಒಪ್ತಿದ್ದೆ ಪುಟ್ಟಿ.”

“ಅಂದ್ರೆ ಒಂದೂ ಇಲ್ಲ. ಹಿಂದಿನ ಶೆಡ್ಡಲ್ಲಿ ನಮ್ಮ ಗಾಡಿಗಳು ಸಂಬಂಧ ಕೂಡಿ ಬರದ ಹೆಣ್ಣುಮಕ್ಕಳ ಹಾಗೆ ಸಾಲಾಗಿ ಕೂತಿವೆ. ಧೂಳು ಒರೆಸೋಕೆ ಬೇರೆ ಆಳು ಇಟ್ಟಿದೀನಿ.”

ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆಂದು ತಾತನಿಗೆ ಗೊತ್ತಾಯಿತು. ಅವಳು ಸುತ್ತಿ ಬಳಸಲಿಲ್ಲ. ಐಸ್ ಫ್ಯಾಕ್ಟರಿ ಸಾಹುಕಾರರು ಗಾಡಿ ಕೇಳಿದ್ದಾರೆ, ಅವರ ಮನೆ ನೋಡಿ ಬನ್ನಿ ಎಂದಳು. ಒಪ್ಪಿ ಬಂದರೆ ಮನೆ ನೋಡುವ ಪದ್ಧತಿ ಹಾಗೇ ಇರುತ್ತದೆ. ಇದನ್ನೂ ಬೇಡವೆಂದು ಬಂದರೆ ಪೇಟೆ ಬೀದಿಯಲ್ಲಿ ಒಂದು ಗಾಜಿನ ಅಂಗಡಿ ತೆಗೆದು, ಕೇಳಿದವರಿಗೆಲ್ಲ ಗಾಡಿ ಕೊಟ್ಟುಬಿಡುವುದು. ಇಷ್ಟು ಹೇಳಿ ಅವಳು ಪಾಲಿಶ್ ಕಾಣದ ಬೂಟನ್ನೇ ನೋಡುತ್ತ ನಿಂತಳು. ತಾತ ಅದನ್ನು ಕೈಗೆತ್ತಿಕೊಂಡು ಮತ್ತೆ ಉಜ್ಜತೊಡಗಿದರು. ಆಗಲಿ ಎಂದರು. ಆದರೆ ಕಣ್ಣಿಗೆ ಕಂಡದ್ದನ್ನೇ ಹೇಳುತ್ತೇನೆ, ಪದ್ಧತಿ ಉಳಿಯಲಿ ಅಂತ ಒಪ್ಪುವುದಿಲ್ಲ ಎಂದೂ ಸೇರಿಸಿದರು.

ಆ ಪದ್ಧತಿ ಹುಟ್ಟಿದ್ದು ಕೋಳಿಯಿಂದ.

ಸಣ್ಣ ಯಜಮಾನಿಯ ಅಜ್ಜ, ಅಂದರೆ ಹಳೇ ಯಜಮಾನರು, ಮೊದಲು ಕುದುರೆ ಸಾರೋಟು ಮಾಡುತ್ತಿದ್ದವರು. ಕಾಲ ಬದಲಾಯಿತೆಂದು ಕಾರು ಮಾಡಲು ಕೈಹಾಕಿದರು. ಮೊದಲ ಗಾಡಿ ಮುಗಿಯುವಷ್ಟರಲ್ಲಿ ಅವರ ಕೂದಲು ಅರ್ಧ ನರೆತಿತ್ತು. ಅದರ ಮೂತಿಯ ಮೇಲೆ ಒಂಟಿಕಾಲಲ್ಲಿ ನಿಂತ ಬೆಳ್ಳಿಯ ಕೊಕ್ಕರೆಯನ್ನು ಕೂರಿಸಿ, ಕಣ್ಣೀರು ಒರೆಸಿಕೊಂಡು, ಒಬ್ಬ ದೊಡ್ಡ ಮನುಷ್ಯನಿಗೆ ಮಾರಿದರು. ಮಳೆಗಾಲ ಮುಗಿದ ಮೇಲೆ ಆ ದಾರಿಯಲ್ಲಿ ಹೋಗುವಾಗ, ಗಾಡಿ ಹೇಗಿದೆಯೋ ನೋಡೋಣವೆಂದು ಇಣುಕಿದರೆ, ಹಿಂದಿನ ಸೀಟಿನ ಮೇಲೆ ಕೋಳಿಗಳು ಸಂಸಾರ ಹೂಡಿದ್ದವು. ಗಾಡಿ ಕೊಂಡವನಿಗೆ ಓಡಿಸಲು ಬೇಸರವಾಗಿ, ಕೋಳಿಗೂಡಿಗೆ ಬೇರೆ ಹಲಗೆ ಯಾಕೆ ದಂಡ ಎಂದುಕೊಂಡಿದ್ದನಂತೆ. ಹಳೇ ಯಜಮಾನರು ತುಟಿ ಪಿಟಿಕ್ಕೆನ್ನದೆ ಅವನ ಹಣ ಅವನ ಕೈಗೆ ತುರುಕಿ ಗಾಡಿಯನ್ನು ವಾಪಸು ಹೊಡೆದುಕೊಂಡು ಬಂದರು. ಕಾವು ಕೂತ ಒಂದು ಹೇಂಟೆ ಮಾತ್ರ ಏಳಲೊಲ್ಲೆನೆಂದು ಹಟ ಹಿಡಿದು ಗಾಡಿಯಲ್ಲೇ ಕಾರ್ಖಾನೆಗೆ ಬಂತು. ಅವತ್ತೇ ಅವರು, ಇನ್ನು ಮುಂದೆ ಮನೆ ನೋಡದೆ ಒಂದು ಗಾಡಿಯನ್ನೂ ಕೊಡುವುದಿಲ್ಲ ಎಂದು ಹೇಳಿದ್ದು. ಮನೆ ನೋಡಲು ಒಬ್ಬರನ್ನು ಇಟ್ಟರು. ಅವರ ನಂತರ ಬಂದವರೇ ಒಪ್ಪಿಗೆ ತಾತ. ಬಂದಾಗ ತಾತನೇನೂ ಆಗಿರಲಿಲ್ಲ, ಮೀಸೆ ಕಪ್ಪಗಿತ್ತು.

ಕೊಕ್ಕರೆ ಗಾಡಿಗೆ ಹೆಸರು ಬಂದದ್ದು ಅಲ್ಲಿಂದಲೇ. ಬೇರೆ ಗಾಡಿಯವರು ಕೊಳ್ಳಿ ಕೊಳ್ಳಿ ಎಂದು ಬೆನ್ನು ಹತ್ತುತ್ತಿದ್ದಾಗ, ಈ ಕಂಪನಿ ಮಾತ್ರ ಬೇಡ ಬೇಡ ಎನ್ನುತ್ತಿತ್ತು. ಜನರಿಗೆ ಅಷ್ಟೇ ಸಾಕು. ಗಾಡಿ ಸಿಕ್ಕವರು ಅದನ್ನು ಕೊಂಡುಕೊಂಡೆವು ಎನ್ನುತ್ತಿರಲಿಲ್ಲ, ‘ನಮಗೆ ಕೊಟ್ಟರು’ ಎನ್ನುತ್ತಿದ್ದರು. ಕೊಕ್ಕರೆ ಇರುವ ಮನೆ ಎಂದರೆ ಹೆಣ್ಣು ಕೊಡುವವರು ಮುಂದಿನ ಮಾತು ಕೇಳುತ್ತಿರಲಿಲ್ಲ. ಒಬ್ಬ ದೊಡ್ಡ ನ್ಯಾಯಾಧೀಶರು ಗಾಡಿ ಸಿಗದೆ ಹೋದ ಮೇಲೆ, ನನಗೆ ಕಾರಿನಲ್ಲಿ ಕೂತರೆ ತಲೆ ಸುತ್ತುತ್ತದೆ ಎಂದು ಹೇಳಿಕೊಂಡು ಸಾಯುವವರೆಗೂ ನಡೆದೇ ಕೋರ್ಟಿಗೆ ಹೋದರು. ಇನ್ನೊಂದು ಮನೆಯಲ್ಲಿ, ನೋಡಲು ಯಾವಾಗ ಬರುತ್ತಾರೋ ಎಂದು ಗಂಡ ಹೆಂಡತಿ ಒಂದು ವರ್ಷ ಜಗಳವನ್ನೇ ಆಡದೆ ಬಾಯಿ ಕಟ್ಟಿಕೊಂಡಿದ್ದು, ಒಪ್ಪಿಗೆಯಾದ ಸಂಜೆಯೇ ಇಡೀ ವರ್ಷದ ಬಾಕಿಯನ್ನು ತೀರಿಸಿಕೊಂಡರಂತೆ.

ಗಾಡಿ ಒಳ್ಳೆಯದೇ, ಅಂಥ ಒಳ್ಳೆಯದೇನೂ ಅಲ್ಲ. ಆನೆಯಂಥ ಭಾರ. ತಿರುಗಿಸಲು ಅರ್ಧ ಬೀದಿ ಬೇಕು. ಜೋರು ಮಳೆಗೆ ಹಿಂದಿನ ಬಾಗಿಲ ಸಂದಿಯಿಂದ ನೀರು ಬರುತ್ತಿತ್ತು. ಹಿಂದೆ ಕೂತವರು ಗಾಜು ಏರಿಸಿಕೊಂಡು ಒಳಗೇ ಕೊಡೆ ಬಿಚ್ಚಿ, ದಾರಿಯಲ್ಲಿ ಹೋಗುವವರಿಗೆ ನಗುನಗುತ್ತ ಕೈ ಬೀಸುತ್ತಿದ್ದರು. ಅಷ್ಟು ಕಷ್ಟಪಟ್ಟು ಸಿಕ್ಕಿದ್ದರ ಮೇಲೆ ಯಾರು ತಾನೇ ದೂರು ಹೇಳುತ್ತಾರೆ?

ಮನೆ ನೋಡುವುದಕ್ಕೂ ಕಟ್ಟುನಿಟ್ಟಿತ್ತು. ಹೇಳದೆ ಹೋಗಬೇಕು. ಯಾರ ಕಡೆಯವರು, ಯಾಕೆ ಬಂದಿರಿ ಎಂದರೆ ಬಾಯಿ ಬಿಡುವಂತಿಲ್ಲ. ಇದು ಯಾರ ಮನೆ ಎಂದು ಬೀದಿಯಲ್ಲಿ ಕೇಳುವ ಹಾಗೂ ಇಲ್ಲ. ಕೇಳಿದರೆ ಗಾಳಿಗಿಂತ ಮುಂಚೆ ಸುದ್ದಿ ಒಳಗೆ ಹೋಗುತ್ತದೆ. ಮನೆಯವರು ಏನೆಂದು ತಿಳಿದುಕೊಂಡರೂ ತಿದ್ದಬಾರದು. ಹಾಗಾಗಿ ತಾತನನ್ನು ಜನ ತೆರಿಗೆಯವನೆಂದೂ, ಇಲಿ ಹಿಡಿಯುವವನೆಂದೂ, ಎಂದೋ ಮನೆ ಬಿಟ್ಟು ಹೋದ ಚಿಕ್ಕಪ್ಪನೆಂದೂ ತಿಳಿದದ್ದುಂಟು. ಚಿಕ್ಕಪ್ಪನೆಂದುಕೊಂಡ ಮನೆಯವರು ಆಸ್ತಿಯಲ್ಲಿ ಪಾಲಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಅವರಿಗೆ ಗಾಡಿ ಸಿಗಲಿಲ್ಲ. ಗಾಡಿ ನಿಲ್ಲುವ ಜಾಗ ನೋಡಬೇಕು, ಗೇಟಿನ ಚಿಲಕ ನೋಡಬೇಕು, ತಮಗೆ ಏನೂ ಲಾಭವಿಲ್ಲದವರ ಜೊತೆ ಮನೆಯವರು ಹೇಗೆ ಮಾತಾಡುತ್ತಾರೆಂದು ಕೇಳಿಸಿಕೊಳ್ಳಬೇಕು. ಹಿಡಿಸದಿದ್ದರೆ ಗೇಟು ಹಾಕಿಕೊಂಡು ಬಂದುಬಿಡುವುದು. ಹಿಡಿಸಿದರೆ ಅಂಗೈಯಗಲದ ಒಂದು ಹಿತ್ತಾಳೆ ಕೊಕ್ಕರೆಯನ್ನು ಗೇಟಿಗೆ ಸಿಕ್ಕಿಸಿ ಬರುವುದು. ಒಮ್ಮೆ ಹಕ್ಕಿ ಗೇಟಿಗೆ ಬಿತ್ತೆಂದರೆ ಆ ಮನೆಗೆ ಗಾಡಿ ಹೋದಂತೆಯೇ. ಕಂಪನಿ ಹುಟ್ಟಿದಾಗಿನಿಂದ ಸಿಕ್ಕಿಸಿದ ಹಕ್ಕಿಯನ್ನು ತೆಗೆದದ್ದಿಲ್ಲ.

ಮನೆ ನೋಡುವುದು ಬಿಟ್ಟರೆ ತಾತನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಸ್ಟೀರಿಂಗ್ ಹಿಡಿಯಲು ಕೂಡ ಕಲಿತಿರಲಿಲ್ಲ. ಗೇಟಿನ ಪಕ್ಕದ ಕೋಣೆ, ಒಪ್ಪಿಗೆ ತಾತ ಎನ್ನುವ ಹೆಸರು, ಎರಡೂ ಆ ಕೆಲಸದ ಜೊತೆ ಬಂದದ್ದು. ಪದ್ಧತಿ ಹೋದರೆ ಅವೂ ಹೋದವು. ಅವರು ಅದನ್ನು ಯಾರ ಹತ್ತಿರವೂ ಹೇಳಲಿಲ್ಲ, ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರು.

ಆಫೀಸಿನವರು ಕೊಟ್ಟ ಗುರುತು ಇಷ್ಟೇ: ಗಡಿಯಾರದ ಕಂಬದ ಬೀದಿ, ಕೊನೆಯ ಮನೆ, ಹಸಿರು ಗೇಟು. ಗುರುತು ಕೊಡುವಾಗ ಅದು ಸರಿಯಾಗಿಯೇ ಇತ್ತು. ಆದರೆ ಐಸ್ ಸಾಹುಕಾರರಿಗೆ, ನೋಡಲು ಬರುತ್ತಾರೆಂಬ ವಾಸನೆ ಹೇಗೋ ಸಿಕ್ಕಿತ್ತು. ಅವರು ಮನೆಗೆಲ್ಲ ಸುಣ್ಣ ಬಣ್ಣ ಮಾಡಿಸಿ, ಹಸಿರು ಬಡವರ ಬಣ್ಣ ಎಂದು ಗೇಟಿಗೆ ಕಪ್ಪು ಬಳಿಸಿ, ಅದರ ಮೇಲೆ ಬಂಗಾರದ ಗೀಟು ಎಳೆಸಿದ್ದರು. ಬೀದಿಯ ಈಚೆ ಬದಿಯ ಕೊನೆಯ ಮನೆಗೂ ಹಸಿರು ಗೇಟೇ ಇತ್ತು. ಅದು ಹಸಿರಾಗಿಯೇ ಉಳಿದಿತ್ತು.

ತಾತ ಹಸಿರು ಗೇಟಿನ ಮುಂದೆ ನಿಂತರು. ಚಿಲಕ ಎತ್ತಿದರು, ಬಿಟ್ಟರು. ಎಣ್ಣೆ ಕಂಡ ಚಿಲಕ, ಕಿರ್ ಎನ್ನಲಿಲ್ಲ. ಒಳಗೆ ಬಲಗಡೆ ಒಂದು ಶೆಡ್ಡು, ಅದರ ಮೇಲೊಂದು ಕೋಣೆ, ಹತ್ತಲು ಕಬ್ಬಿಣದ ಮೆಟ್ಟಿಲು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಗುಂಡಿ ಅಂಗಡಿ. ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರುಗಳು, ಒಳಗೆ ಯಾವ ಗುಂಡಿ ಇದೆಯೋ ಅದೇ ಗುಂಡಿ ಮುಖದ ಮೇಲೆ ದಾರದಲ್ಲಿ ಕಟ್ಟಿದ್ದು. ಗುಂಡಿಯಕ್ಕ ಎಂದು ಬೀದಿಯವರು ಕರೆಯುವ ಆ ಮನೆಯಾಕೆ ಒಬ್ಬ ಗಿರಾಕಿಗೆ ಡ್ರಾಯರಿನ ಮೇಲೆ ಡ್ರಾಯರು ತೆಗೆದು ತೋರಿಸುತ್ತಿದ್ದಳು. ಗಿರಾಕಿ ಎಲ್ಲ ಗುಂಡಿಗಳನ್ನೂ ಕೆದಕಿ, ಒಂದಕ್ಕೂ ತೃಪ್ತಿಯಾಗದೆ, ಏನೂ ಕೊಳ್ಳದೆ ಎದ್ದಳು. ನಾಳೆ ಆ ಅಂಗಿಯನ್ನೇ ತಗೊಂಡು ಬಾರಮ್ಮ, ಜೋಡಿ ಹುಡುಕೋಣ ಎಂದು ಹೇಳಿ, ಗುಂಡಿಯಕ್ಕ ಹಣೆಯಲ್ಲಿ ಒಂದು ಗೆರೆಯನ್ನೂ ಮೂಡಿಸದೆ ಎಲ್ಲವನ್ನೂ ಮತ್ತೆ ಜೋಡಿಸಿದಳು.

ತಾತ ಬೆರಗಾದರು. ಊರಿಗೆಲ್ಲ ಐಸ್ ಹಂಚುವ ಸಾಹುಕಾರನ ಹೆಂಡತಿ, ಕೂತು ಗುಂಡಿ ಮಾರುತ್ತಿದ್ದಾಳೆ! ಹಿಂದಿನ ಹಜಾರದಲ್ಲಿ ಒಬ್ಬ ದಪ್ಪನೆಯ ಗಂಡಸು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಮೊಣಕಾಲವರೆಗೆ ನೆನೆದ ಪ್ಯಾಂಟು ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ನಿಜವಾಗಿ ಆತ ನಸುಕಿನಲ್ಲಿ ಊರಿಗೆ ನೀರು ಹೊಡೆಯುವ ಲಾರಿಯ ಡ್ರೈವರ್, ಗುಂಡಿಯಕ್ಕನ ಗಂಡ. ತಾತ ಮಾತ್ರ, ಐಸಿನ ಕೆಲಸವೆಂದರೆ ನೆನೆಯದೆ ಆಗುತ್ತದೆಯೇ, ಸಾಹುಕಾರನಾದರೂ ಆಳುಗಳ ಜೊತೆ ತಾನೇ ನೀರಿಗಿಳಿಯುತ್ತಾನಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದರು.

ಮೇಲಿನ ಕೋಣೆ ಬಾಡಿಗೆಗಿದೆ ಎಂದು ಗುಂಡಿಯಕ್ಕ ಹಾಲಿನವನ ಬಾಯಲ್ಲಿ ಹೇಳಿಕಳಿಸಿದ್ದಳು. ಶುಭ್ರವಾದ ಬಟ್ಟೆ, ಹೊಳೆಯುವ ಬೂಟು, ಮಾತು ಕಡಿಮೆ. ಈ ಮುದುಕರು ಕೋಣೆಗೇ ಬಂದವರು ಎಂದು ಅವಳು ತಿಳಿದಳು. ಅವಳು ಹಾಗೆ ತಿಳಿದದ್ದು ತಾತನಿಗೂ ಗೊತ್ತಾಯಿತು. ಇಷ್ಟು ಇದ್ದೂ ಕೋಣೆ ಬಾಡಿಗೆಗೆ ಕೊಡುತ್ತಾರೆಂದರೆ ಜನರ ಮೇಲೆ ಎಷ್ಟು ಪ್ರೀತಿ ಇರಬೇಡ ಎಂದು ಅದನ್ನೂ ಅವರ ಲೆಕ್ಕಕ್ಕೇ ಸೇರಿಸಿದರು.

ಅವಳು ಶೆಡ್ಡು ತೋರಿಸಿದಳು. ಖಾಲಿ, ಗುಡಿಸಿ ಒರೆಸಿದ ನೆಲ. ಲಾರಿಗೆಂದು ಕಟ್ಟಿಸಿದ್ದು, ಲಾರಿ ಆಫೀಸಿನಲ್ಲೇ ನಿಲ್ಲಬೇಕೆಂದು ಅಲ್ಲಿನವರು ಹೇಳಿದ್ದರಿಂದ ಇದು ಸುಮ್ಮನೆ ಬಿದ್ದಿದೆ ಎಂದಳು. ಸಾಹುಕಾರರಿಗೆ ಐಸ್ ಲಾರಿ ಇರುವುದು ಸಹಜವೇ. ತಾತ ಗೋಡೆ ಮುಟ್ಟಿ ನೋಡಿ, ಮಳೆಗಾಲದಲ್ಲಿ ಒಳಗೆ ನೀರು ಬರುತ್ತದೆಯೇ ಎಂದು ಎಂದಿನಂತೆ ಕೇಳಿದರು.

“ಆ ಮೂಲೇಲಿ ಬರುತ್ತೆ ಯಜಮಾನ್ರೇ. ಬರಲ್ಲ ಅಂತ ಈಗ ಹೇಳಿಬಿಟ್ರೆ ಆಮೇಲೆ ಮಳೆ ಬಂದು ನನ್ನ ಮಾನ ಕಳೆಯಲ್ವಾ?”

ಇಷ್ಟು ವರ್ಷ ಮನೆ ನೋಡಿದ್ದಾರೆ, ನೀರು ಬರುತ್ತದೆ ಎಂದು ಒಪ್ಪಿಕೊಂಡ ಒಬ್ಬರನ್ನೂ ಅವರು ಕಂಡಿರಲಿಲ್ಲ. ಮಂಡಿಯವರೆಗೆ ನೀರು ನಿಂತ ಗುರುತು ಗೋಡೆಯ ಮೇಲಿದ್ದರೂ, ಅದು ಹಾಗೇ ಬಂದ ಬಣ್ಣ ಎನ್ನುವವರೇ ಎಲ್ಲ. ತಾತ ಮತ್ತೇನೂ ಕೇಳಲಿಲ್ಲ. ಕೇಳುವುದು ಮುಗಿಯಿತು ಎಂದು ತಿಳಿದು ಗುಂಡಿಯಕ್ಕ ಕೈ ಕಟ್ಟಿಕೊಂಡು ನಿಂತಳು.

“ನೀವು ಕೇಳಿದ್ದಾಯ್ತಲ್ಲ, ಈಗ ನಾನು ಕೇಳ್ತೀನಿ. ಗೊರಕೆ ಹೊಡೀತೀರಾ?”

ಮನೆ ನೋಡಲು ಹೋದವರನ್ನು ಯಾರೂ ಹೀಗೆ ನೋಡಿರಲಿಲ್ಲ. ತಾತ ತುಂಬ ಹೊತ್ತು ಯೋಚಿಸಿದರು.

“ಗೊತ್ತಿಲ್ಲಮ್ಮ. ಹೇಳೋರು ಯಾರೂ ಇಲ್ಲ.”

“ನಮ್ಮನೆಯೋರು ಕೆಳಗೆ ಹೊಡೀತಾರೆ. ನೀವು ಮೇಲೆ ಹೊಡೆದ್ರೆ ಸರಿಹೋಯ್ತು ಬಿಡಿ, ಕಳ್ಳರು ಈ ಬೀದಿಗೇ ಬರಲ್ಲ.”

ಆಮೇಲೆ ಅವಳು ನಲ್ಲಿ ಸರಿಯಾಗಿ ನಿಲ್ಲಿಸುತ್ತೀರಾ, ಬೆಕ್ಕನ್ನು ಕಂಡರೆ ಒದೆಯುತ್ತೀರಾ, ಊಟಕ್ಕೆ ಏನು ಮಾಡುತ್ತೀರಿ, ಕೋಪ ಬಂದರೆ ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ ಎಂದೆಲ್ಲ ಕೇಳಿದಳು. ತಾತ ಒಂದೊಂದಕ್ಕೂ ಉಳ್ಳದ್ದು ಉಳ್ಳ ಹಾಗೆ ಹೇಳಿದರು. ಪರೀಕ್ಷೆಯಲ್ಲಿ ಪಾಸಾಗಲಿ ಎನ್ನುವ ಆಸೆ ಯಾಕೆ ಬರುತ್ತಿದೆಯೆಂದು ಅವರಿಗೇ ತಿಳಿಯಲಿಲ್ಲ. ಕೊನೆಗೆ ಅವಳು ಒಂದು ಲೋಟ ನೀರು ಕೊಟ್ಟು, ಯೋಚನೆ ಮಾಡಿ ಹೇಳಿ ಎಂದು ಅಂಗಡಿಗೆ ಹೋದಳು. ತಾತ ಗೇಟಿನ ಹೊರಗೆ ಬಂದು, ಜೇಬಿನಿಂದ ಹಿತ್ತಾಳೆ ಕೊಕ್ಕರೆಯನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಸಿರು ಗೇಟಿಗೆ ಸಿಕ್ಕಿಸಿದರು. ಬಸ್ ನಿಲ್ದಾಣದವರೆಗೆ ಅವರ ಕಾಲು ನೆಲಕ್ಕೆ ತಾಗಲಿಲ್ಲ.

ಸಂಜೆ ಗಂಡ ಎದ್ದು ಹಕ್ಕಿಯನ್ನು ನೋಡಿ ಇದೇನು ಎಂದು ಕೇಳಿದ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹೋಗುವುದಿಲ್ಲವೇ, ಹಾಗೆ ಅಜ್ಜ ಕೋಣೆಗೆ ಗುರುತು ಹಾಕಿ ಹೋಗಿದ್ದಾರೆ ಎಂದಳು ಗುಂಡಿಯಕ್ಕ. ಮಾರನೆಯ ದಿನ ಕೋಣೆ ಕೇಳಲು ಬಂದ ಇಬ್ಬರನ್ನು, ಆಗಲೇ ಹೋಗಿದೆ ಎಂದು ವಾಪಸು ಕಳಿಸಿದಳು.

ಇತ್ತ ಕಾರ್ಖಾನೆಯಲ್ಲಿ, ಒಪ್ಪಿ ಬಂದೆ ಎಂಬ ತಾತನ ಮಾತು ಕೇಳಿ ಸಣ್ಣ ಯಜಮಾನಿ ಕುರ್ಚಿಯಿಂದ ಎದ್ದೇಬಿಟ್ಟಳು. ಸಾಹುಕಾರರು ಇಷ್ಟು ಸರಳ ಎಂದುಕೊಂಡಿರಲಿಲ್ಲ, ಅಂಥ ಮನೆಯನ್ನು ನಾನು ನೋಡಿಯೇ ಇಲ್ಲ ಎಂದರು ತಾತ. ಬೆರಳಿಗೊಂದು ಉಂಗುರ ಹಾಕಿಕೊಂಡು ಬಂದಿದ್ದ ಸಾಹುಕಾರ ಅವಳ ಕಣ್ಣ ಮುಂದೆ ಬಂದು ಹೋದ. ಆದರೆ ಕೂಡಿ ಬಂದ ಕೆಲಸವನ್ನು ಯಾಕೆ ಕೆದಕಬೇಕೆಂದು ಸುಮ್ಮನಾದಳು. ಸಾಹುಕಾರರಿಗೆ ಫೋನು ಹೋಯಿತು: ನಿಮ್ಮ ಮನೆ ಒಪ್ಪಿಗೆಯಾಗಿದೆ, ಬುಧವಾರ ಗಾಡಿ ಬರುತ್ತದೆ. ಸಾಹುಕಾರ ಓಡಿ ಹೋಗಿ ತನ್ನ ಕಪ್ಪು ಗೇಟನ್ನು ಮೇಲೆ ಕೆಳಗೆ ತಡವಿದ. ಹಕ್ಕಿ ಇರಲಿಲ್ಲ. ಯಾವನೋ ಕಳ್ಳ ಕಿತ್ತುಕೊಂಡು ಹೋಗಿದ್ದಾನೆ ಎಂದುಕೊಂಡ. ಹೊರಗೆ ಹೇಳಿದರೆ ಮರ್ಯಾದೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡ.

ಬುಧವಾರ ಬೆಳಿಗ್ಗೆ ಸಾಹುಕಾರನ ಮನೆಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಕಪ್ಪು ಗೇಟಿನ ಮುಂದೆ ಫೋಟೋಗೆ ನಿಂತವರಂತೆ ನಿಂತಿದ್ದರು. ಕೊಕ್ಕರೆ ಗಾಡಿ ಬೀದಿಗೆ ತಿರುಗಿತು. ಒಳಗೆ ಸಣ್ಣ ಯಜಮಾನಿ ಇದ್ದಳು. ತಾತ ಎಂದಿನ ಹಾಗೆ ಬಸ್ಸಿನಲ್ಲಿ ಬಂದು ಕಂಬದ ಹತ್ತಿರ ನಿಂತಿದ್ದರು. ಕಂಪನಿಯ ಡ್ರೈವರನಿಗೆ ಹೆಸರು ವಿಳಾಸ ಯಾವುದೂ ಬೇಕಿಲ್ಲ, ಅವನು ಹಕ್ಕಿಯನ್ನು ನೋಡಿ ನಿಲ್ಲಿಸುವವನು. ಕೈ ಬೀಸುತ್ತಿದ್ದ ಸಾಹುಕಾರನನ್ನು ದಾಟಿ, ಗಾಡಿಯನ್ನು ಹಸಿರು ಗೇಟಿನ ಮುಂದೆ ತಂದು ನಿಲ್ಲಿಸಿ, ಇಳಿದು ಬಾಗಿಲು ತೆಗೆದು ನಿಂತ.

ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಸಾಹುಕಾರ ಇಂಗು ತಿಂದ ಮಂಗನಂತೆ ಆ ಗೇಟು ಈ ಗೇಟು ನೋಡಿದ. ಆಮೇಲೆ ಅವನ ಕಣ್ಣಿಗೆ ಹಕ್ಕಿ ಬಿತ್ತು. ಬೀದಿ ದಾಟಿ ಬಂದು ಅದನ್ನು ಹಿಡಿದು ಎಳೆಯತೊಡಗಿದ. ನಮ್ಮ ಮನೆಯ ಹಕ್ಕಿ ಕದ್ದಿದ್ದೀರಿ, ನಿಮ್ಮ ಮೋರೆಗೆ ಕೊಕ್ಕರೆ ಬೇರೆ ಕೇಡು, ಗುಂಡಿ ಮಾರುವವರಿಗೂ ನೀರು ಹೊರುವವರಿಗೂ ಗಾಡಿ ಕೊಡಲು ಕಂಪನಿಯವರಿಗೇನು ತಲೆ ಕೆಟ್ಟಿದೆಯೇ ಎಂದು ಬಾಯಿಗೆ ಬಂದದ್ದೆಲ್ಲ ಆಡಿದ. ಗುಂಡಿಯಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಅದು ಮೇಲಿನ ಕೋಣೆಯ ಅಜ್ಜನ ಗುರುತು, ಅದನ್ನು ಬಿಟ್ಟು ಮಾತಾಡಿ ಎಂದು ಮೆತ್ತಗೆ ಹೇಳಿದಳು. ನೀರು ಹೊರುವವರು ಎಂಬ ಮಾತು ಕೇಳಿದಾಗ ಕಂಬದ ಹತ್ತಿರ ನಿಂತಿದ್ದ ತಾತ ತಿರುಗಿ ಕಪ್ಪು ಗೇಟನ್ನು ನೋಡಿದರು. ಅದರ ಬುಡದಲ್ಲಿ ಹಳೆಯ ಹಸಿರು ಬಣ್ಣ ಅಲ್ಲಲ್ಲಿ ಇಣುಕುತ್ತಿದ್ದುದು ಈಗ ಕಂಡಿತು.

ಸಣ್ಣ ಯಜಮಾನಿ ಬುದ್ಧಿವಂತೆ, ಆಗಿದ್ದು ಏನೆಂದು ತಾತನ ಮುಖದಲ್ಲೇ ಓದಿಕೊಂಡಳು. ಹತ್ತಿರ ಬಂದು ಅವರ ಕಿವಿಯಲ್ಲಿ ಹೇಳಿದಳು.

“ತಾತ, ಹಕ್ಕಿನ ಬಿಚ್ಚಿ ಆ ಗೇಟಿಗೆ ಸಿಕ್ಕಿಸಿಬಿಡಿ. ಒಂದು ಬೀದಿ ದಾಟೋದು ಅಷ್ಟೇ. ಪದ್ಧತಿ ಉಳಿಯುತ್ತೆ, ನೀವೂ ಉಳೀತೀರ.”

ತಾತ ಸಾಹುಕಾರನನ್ನು ನೋಡಿದರು. ನೋಡುವುದು ಅವರ ಕೆಲಸ, ನೋಡದೆ ಇರಲು ಬರುತ್ತಿರಲಿಲ್ಲ.

“ಬಿಚ್ಚಬಹುದು ಪುಟ್ಟಿ. ಆದ್ರೆ ನಾನು ನೋಡಿದ್ದು ಈ ಮನೇನ, ಒಪ್ಪಿದ್ದೂ ಈ ಮನೇನ. ಆ ಮನೆ ನೋಡಿಲ್ಲ ಅನ್ನೋಣ ಅಂದ್ರೆ, ಈಗ ಅದನ್ನೂ ನೋಡಿದ ಹಾಗಾಯ್ತು.”

ಅವಳು ಸೆರಗು ಸರಿಮಾಡಿಕೊಂಡು, ನೇರವಾಗಿ ಗುಂಡಿಯಕ್ಕನ ಹತ್ತಿರ ಹೋಗಿ, ಗಾಡಿಯ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಹಕ್ಕಿ ಬಿದ್ದ ಮನೆಗೆ ಗಾಡಿ ಕೊಡುವುದು ನಮ್ಮಜ್ಜನ ಮಾತು, ತಗೊಳ್ಳಿ, ದುಡ್ಡು ಕೊಡುವುದರ ಬಗ್ಗೆ ಆಮೇಲೆ ನೋಡೋಣ ಎಂದಳು. ಸಾಹುಕಾರನ ಬಾಯಿಗೆ ಬೀಗ ಬಿತ್ತು.

ಗುಂಡಿಯಕ್ಕನಿಗೆ ತಲೆಬುಡ ತಿಳಿಯಲಿಲ್ಲ. ತಾತ ಗೇಟಿನ ಬಳಿ ನಿಂತು ಮೊದಲಿನಿಂದ ಹೇಳಿದರು: ತಾವು ಯಾರು, ಯಾಕೆ ಬಂದದ್ದು, ಹಕ್ಕಿ ಯಾಕೆ, ತಪ್ಪಿದ್ದು ಹೇಗೆ. ಹಳೇ ಯಜಮಾನರ ಕೋಳಿಯ ಕಥೆ ಬಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಆಗಲೇ ಗಾಡಿಯ ಸುತ್ತ ಎರಡು ಸಲ ಬಂದಿದ್ದ. ಒಳಗೆ ಕೂತು ಸ್ಟೀರಿಂಗ್ ಹಿಡಿದು ಹಿಂದೆ ಮುಂದೆ ನೋಡಿದ. ಮಗುವಿನ ಕೈಗೆ ಆಟಿಕೆ ಕೊಟ್ಟ ಹಾಗಿತ್ತು ಅವನ ಮುಖ. ಅವಳೂ ಹಿಂದಿನ ಸೀಟಿನಲ್ಲಿ ಕೂತು ನೋಡಿದಳು, ಚರ್ಮ ಸವರಿದಳು, ಬಾಗಿಲಿನ ಸಂದಿಗೆ ಬೆರಳು ಹಾಕಿ ನೋಡಿದಳು. ಬೀದಿಯವರೆಲ್ಲ ಉಸಿರು ಹಿಡಿದು ನಿಂತಿದ್ದರು.

ಮೊದಲು ಇಳಿದವನು ಗಂಡ. ಲಾರಿ ಓಡಿಸಿ ಪಳಗಿದವನು, ಒಮ್ಮೆ ಬೀದಿಯ ಅಗಲವನ್ನು ಕಣ್ಣಲ್ಲೇ ಅಳೆದ. ಲಾರಿಯಾದರೂ ತಿರುಗುತ್ತದೆ, ಇದು ಶೆಡ್ಡಿನ ಒಳಗೆ ಹೋದರೆ ಹೊರಗೆ ಬರಲು ಸಾಹುಕಾರರ ಕಾಂಪೌಂಡು ಒಡೆಯಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿದ. ಒಡೆಯಲು ಅವನಿಗೇನೂ ಬೇಸರವಿದ್ದಂತೆ ಕಾಣಲಿಲ್ಲ. ಅವಳು ಅವನ ಮುಖ ನೋಡಿ, ಆಮೇಲೆ ಸಣ್ಣ ಯಜಮಾನಿಯ ಕಡೆ ತಿರುಗಿದಳು.

“ಗಾಡಿ ಚೆನ್ನಾಗಿದೆ ಕಣಮ್ಮ. ಆದ್ರೆ ಇದನ್ನ ತಂದು ಇಟ್ಕೊಂಡ್ರೆ ಇದರ ಮನೇಲಿ ನಾವಿದ್ದ ಹಾಗಾಗುತ್ತೆ. ಮೆತ್ತಗೆ ಮಾತಾಡು, ಮೆತ್ತಗೆ ಬಾಗಿಲು ಹಾಕು ಅಂತ. ನಮಗೆ ಬೇಡ.”

ಕೀಲಿ ಹಿಡಿದ ಕೈ ಹಾಗೇ ಉಳಿಯಿತು. ಎಲ್ಲರಿಗೂ ಬೇಡ ಎಂದು ಹೆಸರು ಮಾಡಿದ ಕಂಪನಿ, ಬೇಡ ಅನ್ನಿಸಿಕೊಂಡದ್ದು ಅದೇ ಮೊದಲು.

“ಅದಿರಲಿ,” ಎಂದಳು ಗುಂಡಿಯಕ್ಕ, ತಾತನ ಕಡೆ ನೋಡಿ. “ನಿಮಗೆ ಕೋಣೆ ಬೇಕೋ ಬೇಡ್ವೋ? ಬಂದೋರನ್ನೆಲ್ಲ ವಾಪಸ್ ಕಳಿಸಿದೀನಿ.”

ತಾತ ಹೇಳುತ್ತೇನೆ ಎನ್ನುವಂತೆ ತಲೆ ಆಡಿಸಿದರು, ಅಷ್ಟೇ.

ವಾಪಸು ಹೋಗುವಾಗ ಸಣ್ಣ ಯಜಮಾನಿ ಅವರನ್ನು ಬಸ್ಸಿಗೆ ಬಿಡಲಿಲ್ಲ, ಗಾಡಿಯೊಳಗೆ ಪಕ್ಕದಲ್ಲೇ ಕೂರಿಸಿಕೊಂಡಳು. ಅಷ್ಟು ವರ್ಷ ಗಾಡಿಗೆ ಮನೆ ಹುಡುಕಿದ ಮನುಷ್ಯ ಕೊಕ್ಕರೆ ಗಾಡಿಯಲ್ಲಿ ಕೂತದ್ದು ಅದೇ ಮೊದಲ ಸಲ. ಕಂಬ ದಾಟುವವರೆಗೆ ಅವಳು ಗಂಭೀರವಾಗಿದ್ದಳು. ದಾಟಿದ ಮೇಲೆ ನಗು ಉಕ್ಕಿ ಬಂತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಮುಂದೆ ಕೂತ ಡ್ರೈವರನ ಭುಜಗಳೂ ಕುಲುಕುತ್ತಿದ್ದವು. ತಾತ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು. ನಗು ಇಳಿದ ಮೇಲೆ ಅವಳು, ಗೇಟು ತಪ್ಪಿದರೆ ಏನು ಮಹಾ, ಇನ್ನೊಂದು ಮನೆ ನೋಡಿದರಾಯಿತು, ಪದ್ಧತಿಯನ್ನು ಈ ವರ್ಷಕ್ಕೆ ಉಳಿಸೋಣ ಎಂದಳು.

“ಗೇಟು ತಪ್ಪಿದ್ದಲ್ಲ ಪುಟ್ಟಿ, ಕಣ್ಣು ತಪ್ಪಿದ್ದು. ಗಾಡಿಗೆ ಅಂತ ನೋಡೋಕೆ ಹೋಗಿ, ನನಗೆ ಅಂತ ನೋಡಿಬಿಟ್ಟೆ. ಶೆಡ್ಡಿಗೆ ನೀರು ಬರುತ್ತೆ ಅಂತ ಆಕೆ ಬಾಯಿಬಿಟ್ಟು ಹೇಳಿದ್ರೂ ಹಕ್ಕಿ ಸಿಕ್ಕಿಸಿದೆನಲ್ಲ. ಇನ್ನು ಮೇಲೆ ನಾನು ಯಾವ ಮನೆ ನೋಡಿದ್ರೂ ಆ ಮನೇನೇ ಕಾಣುತ್ತೆ. ನಿನ್ನ ಗಾಜಿನ ಅಂಗಡಿ ತೆಗಿ.”

ಅವಳು ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ಅವರ ತೋಳಿಗೆ ತಲೆ ಒರಗಿಸಿ ಕೂತಳು. ಬೇಕಾದರೆ ಗೇಟಿನ ಕೋಣೆಯಲ್ಲೇ ಇದ್ದುಬಿಡಿ ಎಂದು ಕಾರ್ಖಾನೆ ಹತ್ತಿರ ಬಂದಾಗ ಹೇಳಿದಳು. ಆ ಕೋಣೆ ಮನೆ ನೋಡುವವನದು, ನೋಡುವುದು ಬಿಟ್ಟವನಿಗೆ ಅಲ್ಲಿ ನಿದ್ದೆ ಹತ್ತುವುದಿಲ್ಲ ಎಂದರು ತಾತ.

ಗುಂಡಿ ಮಾರುವವಳು ಕೊಕ್ಕರೆ ಗಾಡಿಯನ್ನು ಬೇಡ ಎಂದಳಂತೆ ಎನ್ನುವ ಮಾತು ಊರೂರು ಸುತ್ತಿತು. ಇನ್ನು ಕಂಪನಿಯ ಹೆಸರು ಮಣ್ಣುಪಾಲಾಯಿತು ಎಂದು ಆಫೀಸಿನವರು ತಲೆ ಮೇಲೆ ಕೈ ಹೊತ್ತು ಕೂತರು. ಆದದ್ದು ಬೇರೆ. ಕೇಳಿದರೆ ಎಲ್ಲಿ ಬೇಡ ಎನ್ನುತ್ತಾರೋ ಎಂದು ಹೆದರಿ ಅಷ್ಟು ವರ್ಷ ದೂರ ನಿಂತವರು, ಬೇಡ ಅನ್ನಿಸಿಕೊಂಡವರ ಹತ್ತಿರ ನಮಗೇನು ಸಂಕೋಚ ಎಂದು ನಗುತ್ತ ಬಂದರು. ಗಾಜಿನ ಅಂಗಡಿ ತೆಗೆದ ದಿನ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ಐಸ್ ಸಾಹುಕಾರ. ಮುಖವನ್ನು ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದ. ಅವನಿಗೂ ಒಂದು ಕೊಟ್ಟರು. ಅದೆಲ್ಲ ಆಮೇಲಿನ ಮಾತು.

ಅದೇ ವಾರ ತಾತ ಕೋಣೆ ಬೇಕೆಂದು ಗುಂಡಿಯಕ್ಕನಿಗೆ ಹೇಳಿಕಳಿಸಿದರು. ಸಾಮಾನು ಕಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ, ಕೂರುವ ಸ್ಟೂಲು. ಗಾಡಿಯಲ್ಲಿ ಕಳಿಸುತ್ತೇನೆ ಎಂದಳು ಸಣ್ಣ ಯಜಮಾನಿ, ಆ ಬೀದಿಯಲ್ಲಿ ಅದು ತಿರುಗುವುದಿಲ್ಲ ಎಂದು ತಾತ ಒಪ್ಪಲಿಲ್ಲ. ನೀರಿನ ಲಾರಿಯವನೇ ಬೆಳಗಿನ ಸುತ್ತು ಮುಗಿಸಿ ಲಾರಿ ತಂದು ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸಿ, ಹಾಸಿಗೆ ನೆನೆಯುತ್ತದೆಂದು ಅದನ್ನು ತನ್ನ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡ. ಕೆಲಸದವರೆಲ್ಲ ಹೊರಗೆ ಬಂದು ನಿಂತರು. ಸಣ್ಣ ಯಜಮಾನಿ ಕೋಣೆಯ ಬಾಗಿಲಿಗೆ ತಾನೇ ಬೀಗ ಹಾಕಿದಳು. ಒಪ್ಪಿಗೆ ತಾತ ಕೊಕ್ಕರೆ ಕಂಪನಿಯನ್ನು ಬಿಟ್ಟು ಹೋದದ್ದು ಶುಕ್ರವಾರ.